1 ಗಂಟೆ 20 ನಿಮಿಷ ಯಾರ ಕಾಲಿನ ಲೆಕ್ಕ?

ಗುಂಪು: ನಮ್ಮ ಮನೆಮಂದಿ

ಅಣ್ಣ: (ಫಾರ್ವರ್ಡ್) ಪುಟ್ಟ ಮಕ್ಕಳನ್ನು ಕರೆದುಕೊಂಡು ಹೋಗಬಹುದಾದ ಬೆಟ್ಟದ ನಡಿಗೆಗಳು. ಒಂದು, ತುದಿ ಸುತ್ತಿ ಬರುವ ದಾರಿ: 5 ಕಿ.ಮೀ., ಏರು 200 ಮೀಟರ್, ಸಮಯ 1 ಗಂಟೆ 20 ನಿಮಿಷ. ಎರಡು, ರೋಪ್‌ವೇ ದಾರಿ: 2,900 ಮೀಟರ್ ಎತ್ತರದಲ್ಲಿ ಸಮತಟ್ಟಾದ ನಡಿಗೆ, ಮೇಲೆಯೇ ರಾತ್ರಿ ತಂಗಬಹುದು. ಮೂರು, ತೊರೆಯ ಪಕ್ಕದ ದಾರಿ: ಹೋಗಿ ಬರಲು 2 ಕಿ.ಮೀ., ಏರು 60 ಮೀಟರ್.

ಅಣ್ಣ: ಒಂದನೆಯದು ಮಾಡೋಣ. ಹನ್ನೊಂದಕ್ಕೆ ಹೊರಟರೂ ಊಟದ ಹೊತ್ತಿಗೆ ಕೆಳಗೆ ಬಂದಿರುತ್ತೇವೆ.

ತಮ್ಮ: ನಾವು ರೆಡಿ. ಪಾಪುವನ್ನು ಬೆನ್ನಿಗೆ ಹಾಕಿಕೊಂಡರೆ ಆಯ್ತು.

ನಾನು: ಅಣ್ಣ, ಆ ಸಮಯ ಎಲ್ಲಿಂದ ಬಂತು ನೋಡು. 5 ಕಿ.ಮೀ.ಗೆ 1 ಗಂಟೆ. 600 ಮೀಟರ್ ಏರಿಗೆ ಇನ್ನೊಂದು ಗಂಟೆ, ಅಂದರೆ 200 ಮೀಟರ್‌ಗೆ 20 ನಿಮಿಷ. ಕೂಡಿಸಿದರೆ ಸರಿಯಾಗಿ 1 ಗಂಟೆ 20 ನಿಮಿಷ. ಇದು ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಅನ್ನುವ ಪರ್ವತಾರೋಹಿ 1892ರಲ್ಲಿ ಹೇಳಿದ ಲೆಕ್ಕ. ಗಟ್ಟಿಮುಟ್ಟಾದ ದೊಡ್ಡವರು ಎಲ್ಲೂ ನಿಲ್ಲದೆ ನಡೆದರೆ ಹಿಡಿಯುವ ಸಮಯ ಅದು. ನನ್ನ ಮಗನಿಗೆ ನಾಲ್ಕು ವರ್ಷ. ಕಲ್ಲು, ಇರುವೆ, ಎಲೆ ಎಲ್ಲದರ ಮುಂದೆಯೂ ಕೂರುತ್ತಾನೆ. ಗಂಟೆಗೆ 2 ಕಿ.ಮೀ. ನಡೆದರೆ ಅದೇ ದೊಡ್ಡದು. ಊಟ, ನೀರು, ಬಟ್ಟೆ ಬದಲಿಸುವುದು ಸೇರಿಸಿದರೆ ನಮಗೆ ನಾಲ್ಕು ಗಂಟೆ ಆಗುತ್ತದೆ.

ಅಣ್ಣ: ನೀನು ಜಾಸ್ತಿ ಲೆಕ್ಕ ಹಾಕುತ್ತೀಯ. ಮಕ್ಕಳು ಹೋಗ್ತಾ ಹೋಗ್ತಾ ಅಭ್ಯಾಸ ಮಾಡಿಕೊಳ್ಳುತ್ತಾರೆ.

ಚಿಕ್ಕಪ್ಪ: ಹೌದು. ಬೆಟ್ಟಕ್ಕೆ ಹೋಗಿ ತುದಿ ನೋಡದೆ ಬರುವುದು ಅಂದರೆ ಏನು? ಮಕ್ಕಳಿಗೂ ಗೆದ್ದ ಖುಷಿ ಬೇಕಲ್ಲ.

ನಾನು: ಚಿಕ್ಕಪ್ಪ, ತುದಿಯ ಖುಷಿ ನಮ್ಮದು. ನಾಲ್ಕು ವರ್ಷದವನಿಗೆ ದೂರದ ನೋಟ ಅಷ್ಟು ಹಿಡಿಸುವುದಿಲ್ಲ, ಕಾಲ ಬಳಿ ಇರುವುದೇ ಹಿಡಿಸುತ್ತದೆ. ಅವನು ತೊರೆಗೆ ಕಲ್ಲು ಎಸೆಯುತ್ತಾ ಅರ್ಧ ಗಂಟೆ ನಿಂತರೆ ಆ ಅರ್ಧ ಗಂಟೆಯೇ ಅವನ ಬೆಟ್ಟ. ‘ನಡಿ, ನಡಿ, ತುದಿ ಬಂತು’ ಅಂತ ಎಳೆದುಕೊಂಡು ಹೋದರೆ ಮುಂದಿನ ಸಲ ಬರುವುದೇ ಇಲ್ಲ ಅನ್ನುತ್ತಾನೆ. ಅವನು ಮತ್ತೆ ಮತ್ತೆ ಬರಬೇಕು, ಹತ್ತು ವರ್ಷ ಆದ ಮೇಲೂ ನಮ್ಮ ಜೊತೆ ಬರಬೇಕು ಅನ್ನುವುದು ನನ್ನ ಆಸೆ.

ಚಿಕ್ಕಮ್ಮ: ಈ ಮಾತು ನನಗೆ ಒಪ್ಪಿಗೆ.

ತಮ್ಮ: ಸುಸ್ತಾದರೆ ಎತ್ತಿಕೊಂಡರೆ ಆಯ್ತಲ್ವಾ ಅಕ್ಕ?

ನಾನು: 16 ಕೆಜಿ ಇದ್ದಾನೆ. ಏರುವಾಗ ಎತ್ತಿಕೊಳ್ಳಬಹುದು. ಇಳಿಯುವಾಗ ಮಗುವನ್ನು ಎದೆಗೆ ಹಿಡಿದುಕೊಂಡರೆ ನಮ್ಮ ಕಾಲ ಕೆಳಗಿನ ಕಲ್ಲೇ ನಮಗೆ ಕಾಣುವುದಿಲ್ಲ. ನನಗೆ ಹೆದರಿಕೆ ಇರುವುದು ಅಲ್ಲೇ. ಸುಸ್ತಾದ ಕಾಲು ಇಳಿಜಾರಿನಲ್ಲೇ ಜಾರುವುದು, ಅದಕ್ಕೇ ಶಕ್ತಿ ಅರ್ಧ ಉಳಿದಿರುವಾಗಲೇ ತಿರುಗಬೇಕು. ಸುತ್ತು ದಾರಿಯಲ್ಲಿ ಅದು ಆಗದ ಮಾತು. ಅರ್ಧ ದಾಟಿದ ಮೇಲೆ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ. ಹೋದ ದಾರಿಯಲ್ಲೇ ವಾಪಸ್ ಬರುವ ನಡಿಗೆಯಾದರೆ ಎಲ್ಲಿ ಬೇಕಾದರೂ ತಿರುಗಬಹುದು.

ಅಣ್ಣ: ಆದರೆ ನನ್ನ ಮಗಳಿಗೆ ಏಳು ವರ್ಷ. 2 ಕಿ.ಮೀ. ನಡೆಸಿದರೆ ‘ಇಷ್ಟೇನಾ’ ಅಂತ ಕೇಳುತ್ತಾಳೆ. ಚಿಕ್ಕವರಿಗೋಸ್ಕರ ಅವಳು ಯಾಕೆ ಬೇಜಾರು ಮಾಡಿಕೊಳ್ಳಬೇಕು?

ನಾನು: ಇದು ನ್ಯಾಯವಾದ ಪ್ರಶ್ನೆ. ಸ್ವಲ್ಪ ಯೋಚಿಸುತ್ತೇನೆ.

ಚಿಕ್ಕಪ್ಪ: ಹಾಗಾದರೆ ರೋಪ್‌ವೇ ದಾರಿ ತಗೊಳ್ಳಿ. ಏರೇ ಇಲ್ಲ. ಮೇಲೆ ಒಂದು ರಾತ್ರಿ ಇದ್ದು ಬರೋಣ.

ಅತ್ತಿಗೆ: ಚಿಕ್ಕಪ್ಪ, ರಾತ್ರಿ ತಂಗುವುದು ಬೇಡ. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಎತ್ತರದ ತೊಂದರೆ ಶುರುವಾಗಬಹುದು. ತಲೆನೋವು, ವಾಂತಿ, ಊಟ ಸೇರದಿರುವುದು. ಹೋದ ತಕ್ಷಣ ಬರುವುದಿಲ್ಲ, ಕೆಲವು ಗಂಟೆ ಬಿಟ್ಟು ಬರುತ್ತದೆ, ಅಂದರೆ ಸರಿಯಾಗಿ ರಾತ್ರಿಗೆ. ದೊಡ್ಡವರು ತಲೆ ನೋಯುತ್ತದೆ ಅಂತ ಹೇಳುತ್ತಾರೆ. ಎಂಟು ತಿಂಗಳ ಪಾಪು ಅಳುತ್ತದೆ ಅಷ್ಟೇ. ಹಲ್ಲು ಬರ್ತಿದೆಯೋ, ನಿದ್ದೆ ಬಂದಿದೆಯೋ, ಎತ್ತರದ್ದೋ ಹೇಗೆ ಗೊತ್ತಾಗಬೇಕು? ಅನುಮಾನ ಬಂದರೆ ಕೆಳಗೆ ಇಳಿಯುವುದೇ ಮದ್ದು. ರಾತ್ರಿ ರೋಪ್‌ವೇ ನಿಂತಿದ್ದರೆ ಹೇಗೆ ಇಳಿಯುತ್ತೀರಿ?

ಚಿಕ್ಕಪ್ಪ: ತಂಗದೆ, ಒಂದು ಗಂಟೆ ಇದ್ದು ಬಂದರೆ?

ಅತ್ತಿಗೆ: ಅದಕ್ಕೆ ಅಷ್ಟು ಹೆದರಬೇಕಿಲ್ಲ. ಆದರೂ ಸರ್ರನೆ ಇಳಿಯುವಾಗ ಪಾಪುಗಳಿಗೆ ಕಿವಿ ಗಟ್ಟಿ ಹಿಡಿದು ನೋಯುತ್ತದೆ. ಹಾಲು ಕುಡಿಸುತ್ತಾ ಇಳಿದರೆ ಒಳ್ಳೆಯದು. ನೆಗಡಿ ಇದ್ದರೆ ಆ ದಿನ ಬೇಡ.

ತಮ್ಮ: ಪಾಪು ನನ್ನ ಬೆನ್ನ ಮೇಲೆ ಬೆಚ್ಚಗೇ ಇರುತ್ತದೆ ಬಿಡಿ.

ನಾನು: ಇರುವುದಿಲ್ಲ ಕಣೋ. ಏರಿ ಏರಿ ನಿನಗೆ ಬೆವರು ಬರುತ್ತದೆ. ಅದು ಕೈಕಾಲು ಆಡಿಸದೆ ಕೂತಿರುತ್ತದೆ, ಗಾಳಿ ನೇರ ಅದಕ್ಕೇ ಬಡಿಯುತ್ತದೆ. 1,000 ಮೀಟರ್ ಮೇಲೆ ಹೋದರೆ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ನಿನ್ನ ಸೆಕೆ ನೋಡಿ ಅದರ ಟೋಪಿ ತೆಗೆಯಬೇಡ. ಆಗಾಗ ನಿಂತು ಅದರ ಕತ್ತಿನ ಹಿಂದೆ ಕೈ ಇಟ್ಟು ನೋಡು. ಜೊತೆಗೆ ಬಿಸಿಲೂ ಅಷ್ಟೇ ಚುರುಕು. ಪ್ರತಿ 1,000 ಮೀಟರ್‌ಗೆ ಅತಿನೇರಳೆ ಕಿರಣ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಚಳಿ ಇದೆ ಅಂತ ಬಿಸಿಲನ್ನು ಮರೆಯಬಾರದು.

ತಮ್ಮ: ಸರಿ ಅಕ್ಕ. ಟೋಪಿ ಎರಡು ಇಟ್ಟುಕೊಳ್ಳುತ್ತೇನೆ.

ನಾನು: ಅಣ್ಣ, ನಿನ್ನ ಪ್ರಶ್ನೆಗೆ ಬರುತ್ತೇನೆ. ತೊರೆಯ ದಾರಿಯ ನಕ್ಷೆ ತೆಗೆದು ನೋಡಿದೆ. ದಾರಿ ಅಲ್ಲಿಗೇ ಮುಗಿಯುವುದಿಲ್ಲ. ಇನ್ನೂ 1 ಕಿ.ಮೀ. ಹೋದರೆ ಒಂದು ನೋಟದ ಬಂಡೆ ಇದೆ. ಎತ್ತರ ತೋರಿಸುವ ಗೆರೆಗಳು ಅಲ್ಲಿ ಸ್ವಲ್ಪ ಹತ್ತಿರ ಹತ್ತಿರ ಇವೆ, ಅಂದರೆ ಏರು ಜಾಸ್ತಿ. ಮಗಳನ್ನು ಕರೆದುಕೊಂಡು ನೀನು ಅಲ್ಲಿವರೆಗೆ ಹೋಗು. ನಾವು ಚಿಕ್ಕವರ ಜೊತೆ ತೊರೆಯ ಹತ್ತಿರ ಇರುತ್ತೇವೆ. ನೀರಿನ ಪಕ್ಕ ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ದೊಡ್ಡವರು, ಕೈಗೆ ಸಿಗುವಷ್ಟು ಹತ್ತಿರದಲ್ಲಿ. ಆ ಹೊತ್ತಿನಲ್ಲಿ ಯಾರೂ ಫೋನ್ ನೋಡುವುದು ಬೇಡ.

ಅಣ್ಣ: ಇದು ಪರವಾಗಿಲ್ಲ. ಆದರೆ ಮುಂದಿನ ಸಲ ತುದಿಗೆ ಹೋಗಲೇಬೇಕು.

ನಾನು: ಅವಳು ಕೇಳಿದರೆ ಖಂಡಿತ. ಮತ್ತೆ, ಹನ್ನೊಂದಕ್ಕೆ ಹೊರಡುವುದು ಬೇಡ, ಏಳಕ್ಕೇ ಹೊರಡೋಣ. ಬೆಟ್ಟದಲ್ಲಿ ಬಿಸಿಲು ಏರಿದಂತೆ ಮೋಡ ಕಟ್ಟಿ ಮಧ್ಯಾಹ್ನ ಗುಡುಗುವುದು ಜಾಸ್ತಿ. ಹನ್ನೊಂದಕ್ಕೆ ಎಲ್ಲಿದ್ದರೂ ತಿರುಗಬೇಕು. ಬಂಡೆ ಎದುರಿಗೇ ಕಾಣುತ್ತಿದ್ದರೂ ಸರಿ. ಇದನ್ನು ಇಲ್ಲೇ, ಈಗಲೇ ಒಪ್ಪಿಕೊಳ್ಳೋಣ. ಅಲ್ಲಿ ನಿಂತು ಮಾತಾಡಿದರೆ ಯಾರಿಗೂ ತಿರುಗುವ ಮನಸ್ಸು ಬರುವುದಿಲ್ಲ.

ಅಣ್ಣ: ಒಪ್ಪಿದೆ. ಗುಡುಗು ಕೇಳಿದರೆ ಅದಕ್ಕೂ ಮೊದಲೇ ಇಳಿಯುತ್ತೇನೆ.

ಚಿಕ್ಕಪ್ಪ: ತುದಿ ಬಿಡುವುದಕ್ಕೆ ನನಗೆ ಇನ್ನೂ ಮನಸ್ಸಿಲ್ಲ. ಇರಲಿ, ಬರುತ್ತೇನೆ.

ಚಿಕ್ಕಮ್ಮ: ಏಳು ವರ್ಷದವಳಿಗೆ ಒಂದು ಭೂತಗನ್ನಡಿ ತರುತ್ತೇನೆ. ಬಂಡೆಯ ಮೇಲಿನ ಕಲ್ಲುಹೂವು ತೋರಿಸಬೇಕು. ಕೆಲವು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಅಂಗೈ ಅಗಲದ್ದು ಅವಳ ಅಜ್ಜನಿಗಿಂತ ಹಳೆಯದಿರಬಹುದು. ಕೆರೆಯಬೇಡ ಅಂತ ಬರೀ ಗದರಿಸಿದರೆ ಮಕ್ಕಳು ಕೇಳುವುದಿಲ್ಲ. ಇದನ್ನು ಹೇಳಿದರೆ ಮುಟ್ಟುವಾಗಲೂ ಮೆಲ್ಲಗೆ ಮುಟ್ಟುತ್ತಾರೆ.

ಅತ್ತಿಗೆ: ಹೊರಡುವ ಮೊದಲು ಮಕ್ಕಳಿಗೆ ಇನ್ನೊಂದು ಹೇಳಿಕೊಡಬೇಕು. 1981ರಲ್ಲಿ ಅಮೆರಿಕದ ಪಾಲೋಮರ್ ಬೆಟ್ಟದಲ್ಲಿ ಒಂಬತ್ತು ವರ್ಷದ ಹುಡುಗ ದಾರಿ ತಪ್ಪಿ ತೀರಿಕೊಂಡ. ಅವನನ್ನು ಹುಡುಕಲು ಹೋದವರು ಆಮೇಲೆ ‘ಹಗ್ ಎ ಟ್ರೀ’ ಅಂತ ಪಾಠ ಶುರು ಮಾಡಿದರು. ದಾರಿ ತಪ್ಪಿತು ಅನಿಸಿದ ಕೂಡಲೇ ಒಂದು ಮರದ ಹತ್ತಿರ ನಿಂತುಬಿಡು, ಅಲ್ಲಿಂದ ಕದಲಬೇಡ ಅನ್ನುವುದೇ ಮುಖ್ಯ ಪಾಠ. ಮಗು ನಡೆಯುತ್ತಾ ಹೋದಷ್ಟೂ ಹುಡುಕುವ ಜಾಗ ದೊಡ್ಡದಾಗುತ್ತದೆ. ‘ಕಳೆದುಹೋದರೆ ಬೈಯುವುದಿಲ್ಲ’ ಅಂತಲೂ ಹೇಳಬೇಕು. ಬೈಗುಳಕ್ಕೆ ಹೆದರಿ ಅಡಗಿ ಕೂರುವ ಮಕ್ಕಳೂ ಇರುತ್ತಾರೆ.

ನಾನು: ಅತ್ತಿಗೆ, ಇದನ್ನು ನನ್ನ ಮಗನಿಗೆ ನೀವೇ ಹೇಳಿ. ನಾನು ಹೇಳಿದರೆ ಆಟ ಅಂದುಕೊಳ್ಳುತ್ತಾನೆ.

ಅತ್ತಿಗೆ: ಹೇಳುತ್ತೇನೆ. ನಡೆಯುವ ಮಕ್ಕಳ ಕೊರಳಿಗೆ ಶಿಳ್ಳೆ ಇರಲಿ. ಆಲ್ಪ್ಸ್‌ನಲ್ಲಿ ಸಹಾಯ ಕೇಳಲು ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುತ್ತಾರೆ. ಪುಟ್ಟವರಿಗೆ ಎಣಿಸುವುದೆಲ್ಲ ಬೇಡ, ಊದುತ್ತಾ ಇರು ಅಂದರೆ ಸಾಕು. ನಮ್ಮ ಹತ್ತಿರ ಒಂದೇ ಇದೆ.

ತಮ್ಮ: ಇನ್ನೊಂದು ನಾನು ತರುತ್ತೇನೆ. ಏಳಕ್ಕೆ ಅಂದರೆ ಏಳಕ್ಕೇನಾ?

ಅಣ್ಣ: ಆರೂವರೆಗೆ ಅಂದುಕೋ.