32 ವಾರ, ಇನ್ಸುಲಿನ್ ಶುರು ಮಾಡಿ ಅಂದಿದ್ದಾರೆ. ಅನುಭವ ಇದ್ದವರು ಹೇಳಿ

ಠಾಣೆ ಸೊಸೆ:
ನನಗೆ 29, ಮೊದಲ ಬಸಿರು. 26ನೇ ವಾರದಲ್ಲಿ ಗ್ಲೂಕೋಸ್ ಕುಡಿಸಿ ನೋಡಿದಾಗ 2 ಗಂಟೆಯದು 168 ಬಂತು. ಆರು ವಾರ ಪಥ್ಯ ಮಾಡಿದೆ. ಖಾಲಿ ಹೊಟ್ಟೆಯದು 104ರಿಂದ ಕೆಳಗಿಳಿಯುತ್ತಿಲ್ಲ. ಇನ್ಸುಲಿನ್ ಶುರು ಮಾಡೋಣ, 39ನೇ ವಾರಕ್ಕೆ ಹೆರಿಗೆ ಮಾಡಿಸೋಣ ಅಂದರು ಡಾಕ್ಟರು. ಸಕ್ಕರೆ ಹತೋಟಿಗೆ ಬರದಿದ್ದರೆ ಮಗು ಹೊಟ್ಟೆಯಲ್ಲೇ ಹೋಗುವ ಅಪಾಯ ಇದೆ ಅಂತಲೂ ಹೇಳಿದರು. ಅವತ್ತಿನಿಂದ ನಿದ್ದೆ ಇಲ್ಲ. ಅತ್ತೆ ಸೂಜಿ ಬೇಡ ಅಂತಿದ್ದಾರೆ. ಸೀಮಂತಕ್ಕೆ ಹುಬ್ಬಳ್ಳಿಗೆ ಹೋಗಬೇಕು. ರೈಲಿನಲ್ಲಿ ಇನ್ಸುಲಿನ್ ಹೇಗೆ ಒಯ್ಯೋದು?

ವಾಕಡ್‌ನವಳು:
ತಂಗಿ, ನಿನ್ನದು ಬಸಿರಿನಲ್ಲಿ ಬಂದ ಸಕ್ಕರೆ. ನನ್ನದು ಮೊದಲಿನಿಂದ ಇದ್ದದ್ದು, ಟೈಪ್ 2. ಎರಡೂ ಒಂದಲ್ಲ. ಆದರೂ ಬರೀತೀನಿ, 2021ರಿಂದ ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ. ಬಸಿರು ಅಂತ ಗೊತ್ತಾದಾಗ 9 ವಾರ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 9.2. ಮೊದಲು ಅದನ್ನು 6.5ರ ಕೆಳಗೆ ತಂದುಕೊಂಡು ಆಮೇಲೆ ಮಗುವಿನ ಯೋಚನೆ ಮಾಡಬೇಕು ಅಂತ ಒಬ್ಬರೂ ಹೇಳಿರಲಿಲ್ಲ. ಮೊದಲೇ ಕಾಯಿಲೆ ಇದ್ದವರಿಗೆ ಮಗು ಹೊಟ್ಟೆಯಲ್ಲೇ ಸಾಯುವ ಅಪಾಯ ನಾಲ್ಕೈದು ಪಟ್ಟು ಅಂತ ತಿಳಿದದ್ದೂ ಎಲ್ಲ ಮುಗಿದ ಮೇಲೆ.

ದಿನಕ್ಕೆ ನಾಲ್ಕು ಸೂಜಿ, ಏಳು ಸಲ ಬೆರಳು ಚುಚ್ಚೋದು. ತಿಂಗಳಿಗೆ ಸ್ಟ್ರಿಪ್ಪಿಗೇ ನಾಲ್ಕು ಸಾವಿರ. 35ನೇ ವಾರದಲ್ಲಿ ರಾತ್ರಿಯ 22 ಯೂನಿಟ್ಟನ್ನು 14ಕ್ಕೆ ಇಳಿಸಿದರೂ ಶುಗರ್ ಲೋ ಆಗುತ್ತಿತ್ತು. ನಾನು ಖುಷಿಪಟ್ಟೆ, ಹುಚ್ಚಿ. ಹಾಗೆ ತಾನಾಗಿ ಇಳಿದರೆ ಮಾಸು ಸೋಲುತ್ತಿರಬಹುದು, ತಕ್ಷಣ ತೋರಿಸಬೇಕಂತೆ. ಗುರುವಾರ ರಾತ್ರಿ ಮಗು ಅಲುಗಾಡೋದು ಕಡಿಮೆ ಅನ್ನಿಸಿತು. ತಣ್ಣೀರು ಕುಡಿದು ಎಡಕ್ಕೆ ಮಲಗಿದೆ. ಬೆಳಿಗ್ಗೆ ನೋಡೋಣ ಅಂದುಕೊಂಡೆ. ಬೆಳಿಗ್ಗೆ ಸ್ಕ್ಯಾನಿನ ಹುಡುಗಿ ಹೊಟ್ಟೆ ಮೇಲೆ ಆ ಸಾಧನವನ್ನು ಅತ್ತಿತ್ತ ಆಡಿಸುತ್ತಲೇ ಇದ್ದಳು, ನನ್ನ ಮುಖ ನೋಡಲಿಲ್ಲ. ಸ್ಟ್ರಿಪ್ ಡಬ್ಬಿಯಲ್ಲಿ 11 ಉಳಿದಿದ್ದವು. ಇನ್ನೂ ಎಸೆದಿಲ್ಲ.

ಡೊಂಬಿವಲಿ ಅಮ್ಮ:
ಓದಿ ಹೊಟ್ಟೆ ಕಿವುಚಿತು. ಆದರೆ ಬಸುರಿಯರನ್ನು ಹೀಗೆ ಹೆದರಿಸಬೇಡಿ. ನನಗೂ 2 ಗಂಟೆಯದು 151 ಇತ್ತು. ಒಂದೇ ಒಂದು ಸೂಜಿ ಹಾಕಿಸಿಕೊಳ್ಳಲಿಲ್ಲ. ಅನ್ನ ಪೂರ್ತಿ ಬಿಟ್ಟೆ. ಬೆಳಿಗ್ಗೆ ಒಂದೂವರೆ ಜೋಳದ ರೊಟ್ಟಿ, ಮೆಂತ್ಯಸೊಪ್ಪಿನ ಪಲ್ಯ. ಆಫೀಸಿನಲ್ಲಿ ಎಲ್ಲರೂ ವಡಾಪಾವ್ ತಿನ್ನುವಾಗ ನಾನು ಹುರಿಗಡಲೆ. ಊಟ ಆದಮೇಲೆ ಇಪ್ಪತ್ತು ನಿಮಿಷ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡಿಗೆ. 40 ವಾರ 2 ದಿನಕ್ಕೆ ನಾರ್ಮಲ್, 3.1 ಕೆಜಿ. ಈಗಿನ ಡಾಕ್ಟರುಗಳಿಗೆ 38 ವಾರ ಆದರೆ ಸಾಕು, ಕೈ ತುರಿಸುತ್ತೆ.

ವಾಸ್ಕೋ ಅಕ್ಕ:
ಡೊಂಬಿವಲಿಯವರೇ, ನಿಮ್ಮ ಖಾಲಿ ಹೊಟ್ಟೆಯದು ಎಷ್ಟಿತ್ತು? ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದೀರಿ.

ಡೊಂಬಿವಲಿ ಅಮ್ಮ:
88. ಏನೀಗ?

ವಾಸ್ಕೋ ಅಕ್ಕ:
ಅದೇ. 95ರ ಕೆಳಗಿರಬೇಕು, ನಿಮ್ಮದು ಇತ್ತು. ಈ ಹುಡುಗಿಯದು 104. ರಾತ್ರಿಯಿಡೀ ಏನೂ ತಿನ್ನದೆ ಏರಿದ್ದನ್ನು ಪ್ಲಾಟ್‌ಫಾರ್ಮ್ ನಡೆದು ಇಳಿಸುತ್ತೀರಾ? ನಾನೂ ನಿಮ್ಮಂಥವರ ಮಾತು ಕೇಳಿಯೇ ಐದು ವಾರ ಸೂಜಿ ಮುಂದೂಡಿದೆ. ತಾಯಿಯ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತೆ, ನಾವು ಹಾಕಿಕೊಳ್ಳುವ ಇನ್ಸುಲಿನ್ ಹೋಗಲ್ಲ. ಮಗು ತಾನೇ ಇನ್ಸುಲಿನ್ ಮಾಡಿಕೊಂಡು ಊದುತ್ತೆ, ಅದಕ್ಕೆ ಆಮ್ಲಜನಕ ಜಾಸ್ತಿ ಬೇಕಾಗುತ್ತೆ. ಮಾಸು ಅಷ್ಟು ಕೊಡಲಾರದಿದ್ದರೆ ವಾಕಡ್ ತಂಗಿಗೆ ಆದದ್ದೇ. ನನ್ನದು 4.3 ಕೆಜಿ. ತಲೆ ಬಂತು, ಭುಜ ಸಿಕ್ಕಿಕೊಂಡಿತು. ಹುಟ್ಟಿದ ಮೇಲೆ ಮಗುವಿನ ಶುಗರ್ 28. ಐಸಿಯುನಲ್ಲಿ ಆರು ದಿನ, ದಿನಕ್ಕೆ 9,500, ಡ್ರಿಪ್ಪು, ಲ್ಯಾಬು ಬೇರೆ, ಒಟ್ಟು 81,400. ಮಗು ಬಲಗೈ ಎತ್ತಲು ನಾಲ್ಕು ತಿಂಗಳು ಬೇಕಾಯ್ತು. ಇದೆಲ್ಲ ತಪ್ಪಿಸಬಹುದಾಗಿದ್ದ ಸೂಜಿ 4 ಮಿ.ಮೀ. ಉದ್ದ.

ಪಿಂಪ್ರಿ ಅಪ್ಪ:
ನನ್ನ ಹೆಂಡತಿಯ ಕೇಸಿನ ಲೆಕ್ಕ ಕೊಡ್ತೀನಿ. 34ನೇ ವಾರದಿಂದ ವಾರಕ್ಕೆ ಎರಡು ಎನ್‌ಎಸ್‌ಟಿ (ಮಗುವಿನ ಎದೆಬಡಿತ ನೋಡೋದು), ಒಂದಕ್ಕೆ 700. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮೂರು ಸಲ, 2,200ರಂತೆ. ಕಂಪನಿ ಇನ್ಶೂರೆನ್ಸ್ ಹೆರಿಗೆಗೆ 50,000 ಅಂದಿತ್ತು, ಕೊಟ್ಟಿದ್ದು 41,300. ಹೆರಿಗೆಗೆ ಮುಂಚಿನ ಎನ್‌ಎಸ್‌ಟಿ ಸೇರಲ್ಲ ಅಂದರು. ಮೂರು ಸಲ ಮೇಲ್ ಬರೆದೆ. ಹಾಂ, ರೈಲು: ಬಳಸುತ್ತಿರುವ ಇನ್ಸುಲಿನ್ ಪೆನ್ನು ಫ್ರಿಜ್ಜಿನ ಹೊರಗಿದ್ದರೆ ತೊಂದರೆ ಇಲ್ಲ, ಬಿಸಿಲಿಗೆ ಇಡಬೇಡಿ ಅಷ್ಟೇ. ಹೊಸದನ್ನು ಥರ್ಮಾಸಿನಲ್ಲಿ ಐಸ್ ಹಾಕಿ ಒಯ್ದೆವು.

ಡೊಂಬಿವಲಿ ಅಮ್ಮ:
ಐಸಿಗೆ ತಾಗಿದರೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡುತ್ತೆ. ಸೂಜಿ ಹಾಕಿಸಿಕೊಳ್ಳದ ನನಗೇ ಗೊತ್ತು.

ಪಿಂಪ್ರಿ ಅಪ್ಪ:
ಬಟ್ಟೆ ಸುತ್ತಿದ್ದೆ ಮೇಡಂ. ಎಲ್ಲ ಬಿಡಿಸಿ ಬರೀಬೇಕಾ?

ಮಡಗಾಂವ್ ಅಜ್ಜಿ:
ರೊಟ್ಟಿ ತಿಂದರೆ ಸಕ್ಕರೆ ಬರಲ್ಲ ಅನ್ನೋದು ನಿಮ್ಮ ಕಡೆಯವರ ಭ್ರಮೆ. ನಾನು ಕುಚ್ಚಲಕ್ಕಿ ಗಂಜಿ ಕುಡಿದೇ ಮೂರು ಹೆತ್ತೆ.

ಡೊಂಬಿವಲಿ ಅಮ್ಮ:
"ನಿಮ್ಮ ಕಡೆಯವರು" ಅಂದರೆ? ನಾನು ಹುಟ್ಟಿದ್ದೇ ಮಾಟುಂಗಾದಲ್ಲಿ.

ವಾಸ್ಕೋ ಅಕ್ಕ:
ಅಜ್ಜಿ, ಮೂರು ಹೆತ್ತಾಗ ಒಂದು ಸಲವಾದರೂ ಶುಗರ್ ನೋಡಿದ್ರಾ?

ಮಡಗಾಂವ್ ಅಜ್ಜಿ:
ಆಗ ಯಾರು ನೋಡ್ತಿದ್ರು? ಎರಡನೆಯದು ಉಳಿಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವಾಕಡ್‌ನವಳು:
ಠಾಣೆ ತಂಗಿ, ಇವರು ಜಗಳ ಆಡಲಿ. ಸೀಮಂತವನ್ನು ಅಲ್ಲೇ ಮನೆಯಲ್ಲಿ ಮಾಡಿಸಿಕೊ. ಹೋಗಲೇಬೇಕು ಅಂದರೆ ಡಾಕ್ಟರನ್ನು ಕೇಳಿ ಹೋಗು. ಮಗುವಿನ ಒದೆತ ಕಡಿಮೆ ಅನ್ನಿಸಿದರೆ ರಾತ್ರಿ ಎರಡು ಗಂಟೆ ಆದರೂ ಸರಿ, ರಿಕ್ಷಾ ಹಿಡಿ. ಬೆಳಿಗ್ಗೆ ಅನ್ನಬೇಡ.

ಠಾಣೆ ಸೊಸೆ:
ಎಲ್ಲ ಓದಿದೆ. ಇವತ್ತು ರಾತ್ರಿ 6 ಯೂನಿಟ್ ಹಾಕಿಕೊಂಡೆ, ಗಂಡ ಕೈ ಹಿಡಿದುಕೊಂಡಿದ್ದರು. ಅತ್ತೆ ಮಾತು ಬಿಟ್ಟಿದ್ದಾರೆ. ಥರ್ಮಾಸಿಗೆ ಐಸ್ ಹಾಕಬೇಕೋ ಬೇಡವೋ, ಒಬ್ಬರು ಗಟ್ಟಿ ಹೇಳಿ.

ಡೊಂಬಿವಲಿ ಅಮ್ಮ:
ಬೇಡ. ಬಳಸುವ ಪೆನ್ನನ್ನು ಕೈಚೀಲದಲ್ಲೇ ಇಟ್ಟುಕೊ.

ಪಿಂಪ್ರಿ ಅಪ್ಪ:
ಅದನ್ನೇ ಅಲ್ವಾ ನಾನು ಮೊದಲು ಹೇಳಿದ್ದು?