ಅಪ್‌ಡೇಟ್: ಕೋಟು ಯಾರದ್ದು ಅಂತ ಗೊತ್ತಾಯಿತು!

ಎರಡನೇ ಮಹಾಯುದ್ಧದ ಬ್ರಿಟಿಷ್ ಅಧಿಕಾರಿಯ ಕೋಟೊಂದು ಸಿಕ್ಕಿದೆ, ಯಾರದ್ದು, ಅದರ ಮೇಲಿನ ಪದಕದ ರಿಬ್ಬನ್‌ಗಳು ಅಸಲಿಯಾ ಅಂತ ಹೋದ ವಾರ ಕೇಳಿದ್ದೆ.

ಕೆಲಸಕ್ಕೆ ಬಂದದ್ದು "ಒಳಜೇಬು ಹೊರಗೆಳೆದು ನೋಡಿ" ಎಂದವರ ಮಾತು. ಅಲ್ಲೇ ಇತ್ತು ದರ್ಜಿಯ ಲೇಬಲ್! ಮಾಸಿದ ಇಂಕಿನಲ್ಲಿ ಹೆಸರು, ಪಕ್ಕದಲ್ಲಿ 1941. ಎದೆಯ ಮೇಲೆ ಮಿಲಿಟರಿ ಕ್ರಾಸ್ ಎಂಬ ಶೌರ್ಯ ಪದಕದ ಬಿಳಿ-ನೇರಳೆ-ಬಿಳಿ ರಿಬ್ಬನ್, ಅದರ ಮೇಲೆ ಪುಟ್ಟ ಬೆಳ್ಳಿ ಹೂವು. ಹೂವು ಇದ್ದರೆ ಆ ಗೌರವ ಎರಡು ಸಲ ಬಂದಿದೆ ಅಂತ ಅರ್ಥ. ಹೆಸರು ಹಿಡಿದು ಬ್ರಿಟನ್ನಿನ ಸರ್ಕಾರಿ ಪತ್ರಿಕೆ ಲಂಡನ್ ಗೆಜೆಟ್ ಜಾಲಾಡಿದೆ, ಎರಡೂ ಪ್ರಕಟಣೆ ಸಿಕ್ಕವು. ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಸೇನಾ ಪದಕಗಳ ಶಿಫಾರಸುಗಳಿರುವ ಡಬ್ಲ್ಯೂಒ 373 ಕಡತಗಳಲ್ಲಿ, ಇವರ ಶಿಫಾರಸು ಪತ್ರವೂ ಇತ್ತು.

ಯುವಿ ಟಾರ್ಚ್ ಉಪಾಯ ಮಾತ್ರ ಕೈಕೊಟ್ಟಿತು. ಆ ಬೆಳಕಿಗೆ ಈಗಿನ ಕಾಲದ ದಾರ ಹೊಳೆಯುತ್ತದೆ, ನಕಲಿಯಾದರೆ ಗೊತ್ತಾಗುತ್ತದೆ ಅಂದಿದ್ದಿರಿ. ಆದರೆ ಡಿಟರ್ಜೆಂಟೂ ಹಾಗೇ ಹೊಳೆಯುತ್ತದಲ್ಲ. ಯಾರೋ ಇತ್ತೀಚೆಗೆ ಡಿಟರ್ಜೆಂಟ್ ಹಾಕಿ ಒಗೆದಿರಬೇಕು, ಅಸ್ತರೆಲ್ಲ ಫಳಫಳ!

ಆಫ್ರಿಕಾ ಸ್ಟಾರ್ ರಿಬ್ಬನ್ ಬೇರೆ ದಾರದಲ್ಲಿದೆ ಅಂತ ಸುಮ್ನೆ ಅನುಮಾನ ಪಟ್ಟಿದ್ದೆ. ಆ ಪದಕ ಶುರುವಾದದ್ದೇ 1943ರಲ್ಲಂತೆ. 1941ರ ಕೋಟಿಗೆ ಆಮೇಲೇ ಹೊಲಿಯಬೇಕಲ್ವಾ!

ಇನ್ನು ಅದರ ಪ್ಯಾಂಟು ಹುಡುಕಬೇಕು.