ಚದುರಂಗದಲ್ಲಿ ‘ಬಲಿ’, ‘ತ್ಯಾಗ’, ‘ಒಡ್ಡು’: ಯಾವ ಪದ ಎಲ್ಲಿಗೆ?

ಮಾನ್ಯರೇ,

1956ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ರೋಸೆನ್‌ವಾಲ್ಡ್ ಸ್ಮಾರಕ ಪಂದ್ಯಾವಳಿಯಲ್ಲಿ 13 ವರ್ಷದ ಬಾಬಿ ಫಿಶರ್ ಕಪ್ಪು ಕಾಯಿಗಳಲ್ಲಿ ಆಡಿ ಡೊನಾಲ್ಡ್ ಬರ್ನ್ ಅವರನ್ನು 41 ನಡೆಗಳಲ್ಲಿ ಸೋಲಿಸಿದ ಆಟವನ್ನು ಕನ್ನಡದಲ್ಲಿ ವಿವರಿಸಿ ಬರೆಯುತ್ತಿದ್ದೇನೆ. ಮುಂದಿನ ಲಾಭಕ್ಕಾಗಿ ಕಾಯಿಯನ್ನು ಬೇಕೆಂದೇ ಕಳೆದುಕೊಳ್ಳುವ ‘ಸ್ಯಾಕ್ರಿಫೈಸ್’ ಎಂಬುದಕ್ಕೆ ನಮ್ಮ ಪತ್ರಿಕೆಗಳು ‘ಬಲಿ’ ಎಂದೋ ‘ತ್ಯಾಗ’ ಎಂದೋ ಬರೆಯುತ್ತವೆ. ಈ ಒಂದೇ ಆಟದ ಮೂರು ಸಂದರ್ಭಗಳಿಗೆ ಒಂದೇ ಪದ ಸಾಲದೆಂದು ನನಗೆ ತೋರುತ್ತದೆ.

11ನೆಯ ನಡೆಯಲ್ಲಿ ಫಿಶರ್ ತಮ್ಮ ಕುದುರೆಯನ್ನು ಹಲಗೆಯ ಅಂಚಿಗೆ, ಬಿಳಿಯ ಕುದುರೆ ಹೊಡೆಯಬಹುದಾದ ಮನೆಗೆ ತಂದಿಟ್ಟರು. ಹೊಡೆದರೆ ತಮಗೇ ಕೇಡೆಂದು ಅರಿತ ಬರ್ನ್ ಅದನ್ನು ಮುಟ್ಟದೆ ರಾಣಿಯನ್ನು ಸರಿಸಿದರು. ಸಾಯದ ಕುದುರೆಯನ್ನು ‘ಬಲಿ ಕೊಟ್ಟರು’ ಎನ್ನುವುದು ಹೇಗೆ? ‘ಪಣವೊಡ್ಡು’ ಎಂಬಲ್ಲಿರುವ ‘ಒಡ್ಡು’ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಒಡ್ಡಿದ್ದನ್ನು ಎದುರಾಳಿ ತೆಗೆದುಕೊಳ್ಳಲೂಬಹುದು, ಬಿಡಲೂಬಹುದು.

17ನೆಯ ನಡೆಯ ಮಾತು ಬೇರೆ. ಬಿಳಿಯ ಒಂಟೆ ಕಪ್ಪು ರಾಣಿಯ ಮೇಲೆ ಕಣ್ಣಿಟ್ಟಿತ್ತು. ಫಿಶರ್ ಅವಳನ್ನು ಕದಲಿಸದೆ ತಮ್ಮ ಒಂಟೆಯನ್ನು ನಡೆಸಿದರು. ರಾಣಿ ಹೋದಳು, ಆದರೆ ಮುಂದೆ ಕುದುರೆ ಸರಿದಾಗಲೆಲ್ಲ ಅದರ ಹಿಂದಿದ್ದ ಒಂಟೆಯಿಂದ ಚೆಕ್ ಬೀಳುತ್ತ, ಅವಳಿಗೆ ಪ್ರತಿಯಾಗಿ ಒಂದು ಆನೆ, ಎರಡು ಒಂಟೆ, ಒಂದು ಕಾಲಾಳು ಫಿಶರ್ ಪಾಲಾದವು. ಇಷ್ಟನ್ನು ಲೆಕ್ಕ ಹಾಕಿ ಕೊಟ್ಟದ್ದನ್ನು ‘ತ್ಯಾಗ’ ಎನ್ನಲು ನನಗೆ ಮನಸ್ಸು ಬರುವುದಿಲ್ಲ, ಪ್ರತಿಫಲದ ಆಸೆಯಿಲ್ಲದೆ ತೊರೆಯುವುದೇ ನಮ್ಮಲ್ಲಿ ತ್ಯಾಗ. ‘ರಾಣಿಯನ್ನು ಬಿಟ್ಟುಕೊಟ್ಟರು’ ಎಂಬ ಸರಳ ಮಾತೇ ಇಲ್ಲಿ ನಿಜಕ್ಕೆ ಹತ್ತಿರವಾಗಿದೆ.

ಹಾಗೆಂದು ‘ಬಲಿ’ಯನ್ನು ಕೈಬಿಡಬೇಕಿಲ್ಲ. ಬರ್ನ್ ರಾಣಿಯನ್ನು ಹೊಡೆಯದೆ ಆ ಒಂಟೆಯನ್ನೇ ಹೊಡೆದಿದ್ದರೆ, ಕೆಲವು ಚೆಕ್‌ಗಳ ನಂತರ ಕಪ್ಪು ರಾಣಿ ತಾನಾಗಿ ಬಿಳಿಯ ರಾಜನ ಮಗ್ಗುಲಿಗೆ ಹೋಗಿ ಆನೆಗೆ ಸಿಕ್ಕಿ ಬೀಳುತ್ತಿದ್ದಳು, ಆಗ ತನ್ನ ಕಾಯಿಗಳ ನಡುವೆಯೇ ಉಸಿರು ಕಟ್ಟಿದ ರಾಜನಿಗೆ ಕುದುರೆಯಿಂದ ಚೆಕ್‌ಮೇಟ್ ಆಗುತ್ತಿತ್ತು. ಮರಳಿ ಯಾವ ಕಾಯಿಯೂ ಬಾರದ, ಗೆಲುವೊಂದಕ್ಕಾಗಿಯೇ ಆದ ಅಂಥ ಸಾವಿಗೆ ‘ಬಲಿ’ ತಕ್ಕ ಪದ.

ಹೀಗೆ ‘ಒಡ್ಡು’, ‘ಬಿಟ್ಟುಕೊಡು’, ‘ಬಲಿಕೊಡು’ ಎಂದು ಮೂರು ಕ್ರಿಯಾಪದಗಳನ್ನು ಬೇರೆಬೇರೆಯಾಗಿ ಬಳಸಿದರೆ ಓದುಗರಿಗೆ ತೊಡಕಾದೀತೇ? ‘ಒಡ್ಡು’ ಎಂಬುದು ಈ ಅರ್ಥದಲ್ಲಿ ಚದುರಂಗ ಆಡುವವರ ಮಾತಿನಲ್ಲಿ ಈಗಾಗಲೇ ಇದ್ದರೆ, ಯಾವ ಸೀಮೆಯಲ್ಲಿ, ಯಾವ ರೂಪದಲ್ಲಿ ಇದೆಯೆಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.